ಮುಳ್ಳಿಲ್ಲದ್ದು

ಮೊದಲು ಅಳತೆ ತಗೊಂಡೆ.
ಮಿಕ್ಸರಿಗೂ ನೀರಿನ ಫಿಲ್ಟರಿಗೂ ನಡುವೆ
ಒಂದು ಗೇಣು, ಮೇಲೆ ಎರಡು ಬೆರಳು.
ಕ್ವಾರ್ಟರ್ಸಿನ ಅಡುಗೆಕಟ್ಟೆ ಅಷ್ಟೇ ಕೊಡುವುದು.
ಬೀಜ ಅರೆಯುವ ಹಲ್ಲನ್ನು ಒಳಗೇ ಇಟ್ಟುಕೊಂಡ
ದೊಡ್ಡ ಮಷಿನ್ನು ಅಲ್ಲಿಗೇ ಬಿದ್ದುಹೋಯಿತು.
ಅದು ಒಳಗೆ ಬಂದರೆ ನಾನು ಹೊರಗೆ ಮಲಗಬೇಕು.

ಶಕ್ತಿನಗರದ ನಮ್ಮ ಓಣಿಯಲ್ಲಿ ಕಾಫಿ ಅಂದರೆ
ಯಾರಿಗೋ ಜ್ವರ ಬಂದಿದೆ ಅಂತ ಅರ್ಥ.
ಉಳಿದಂತೆ ಚಾ,
ಗೇಟಿನೆದುರು ಅರ್ಧ ಗ್ಲಾಸು, ಅದರಲ್ಲರ್ಧ ಸಕ್ಕರೆ.
ನನಗೆ ಇದು ಅಂಟಿದ್ದು ಹೈದರಾಬಾದಿನ ತರಬೇತಿಯಲ್ಲಿ:
ಐದು ದಿನ, ದಿನಕ್ಕೊಂದು,
ಗುಬ್ಬಿ ಸ್ನಾನ ಮಾಡುವಷ್ಟು ಬಟ್ಟಲು.
ಆರನೆಯ ದಿನ ರೈಲಿನಲ್ಲಿ
ನಾಲಿಗೆ ಅದನ್ನೇ ಹುಡುಕಿತು.

ಖಾಸಿಂ ಪಾಷಾನ ಕೇಳಿದೆ. ಬಾಯ್ಲರ್ ಕಡೆಯವನು,
ಹಬೆಯ ಜತೆ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವನು.
ಫೋನಿನ ಚಿತ್ರ ಹಿಗ್ಗಿಸಿ, ಕುಗ್ಗಿಸಿ ನೋಡಿದ.
"ಡಬ್ಬಿ ಮ್ಯಾಲೆ ಇಪ್ಪತ್ತು ಬಾರ್ ಅಂತ ಬರದಾರ,
ಮರುಳಾಗಬ್ಯಾಡ್ರಿ ಮೇಡಂ.
ಪಂಪಿಗೆ ಎಷ್ಟು ಸೊಕ್ಕದ ಅನ್ನೋದು ಬ್ಯಾರೆ,
ಪುಡಿ ಎಷ್ಟು ತಾಳ್ತದ ಅನ್ನೋದು ಬ್ಯಾರೆ.
ಇದಕ್ಕ ಒಂಬತ್ತು ಸಾಕಂತಲ್ರಿ?
ಒಂಬತ್ತಂದ್ರ ನಮ್ಮ ಬಾಯ್ಲರ್ ಸೀನಿದಂಗ."

ಕೊನೆಗೆ ಮೂರು ಉಳಿದವು.
ಒಂದು, ಕೈಯಿಂದ ಒತ್ತುವುದು. ಕರೆಂಟಿನ ಹಂಗಿಲ್ಲ
(ಕರೆಂಟು ಹುಟ್ಟುವ ಊರಲ್ಲೂ ಅದು ಹೋಗುತ್ತದಲ್ಲ),
ಆದರೆ ನಸುಕಿನ ಐದಕ್ಕೆ, ಎ ಶಿಫ್ಟಿನ ಮುಂಚೆ,
ನನ್ನ ಭುಜದಲ್ಲಿ ಒಂಬತ್ತು ಬಾರ್ ಇರುವುದಿಲ್ಲ.
ಇನ್ನೊಂದರ ಎದೆಗೆ ದುಂಡು ಗೇಜು,
ಹಸಿರು, ಹಳದಿ, ಕೆಂಪು, ನಡುಗುವ ಮುಳ್ಳು.
"ಇದನ್ನ ತಗೋರಿ," ಅಂದ ಖಾಸಿಂ,
"ಹೊಸದಾಗಿ ಕಲಿಯೋರಿಗೆ ಮುಳ್ಳಿರಬೇಕು,
ಎಲ್ಲಿ ತಪ್ಪಿತು ತೋರಿಸ್ತದ."
ಮಾತು ಸರಿಯೇ.

ಮೂರನೆಯದಕ್ಕೆ ಎರಡು ಗುಂಡಿ, ಒಂದು ತಿರುಪು.
ಏನೂ ತೋರಿಸುವುದಿಲ್ಲ.
ಬಟ್ಟಲಿನಂಥ ಜಾಳಿಗೆಗೆ ಜೋಡಿ ತಳ:
ಪುಡಿ ತರಿಯಾದರೂ, ಅದುಮಿದ್ದು ಓರೆಯಾದರೂ
ಹೇಗೋ ಮರ್ಯಾದೆ ಉಳಿಸುತ್ತದಂತೆ.

ದಿನಕ್ಕೆ ಎಂಟು ತಾಸು ನಾನು ಮುಳ್ಳು ಓದುತ್ತೇನೆ.
ಪಿಎಚ್, ವಾಹಕತೆ, ಸಿಲಿಕಾ,
ತಾಸಿಗೊಮ್ಮೆ ದಫ್ತರಿನ ಸಣ್ಣ ಮನೆಗಳಲ್ಲಿ.
ರಾತ್ರಿ ಗೋಡೆಯ ಗಡಿಯಾರ ನೋಡಿದರೂ
ಕೆಳಗೊಂದು ಸಹಿ ಹಾಕೋಣ ಅನಿಸುತ್ತದೆ.
ಮೂರನೆಯದನ್ನೇ ತರಿಸಿದೆ.

ನೀರಿನದು ಬೇರೆ ಕತೆ.
ಕೊಳವೆಬಾವಿಯದು ಹಾಕಿದರೆ ಒಳಗೆಲ್ಲ ಸುಣ್ಣ,
ನಮ್ಮ ಕೊಡದ ಕಂಠ ನೋಡಿದರೆ ಸಾಕು.
ಲ್ಯಾಬಿನಿಂದ ಒಂದು ಬಾಟಲಿ ತಂದೆ, ಯಾರಿಗೂ ಹೇಳಬೇಡಿ.
ಉಪ್ಪು ಕಳೆದು, ಕಳೆದು, ಕಳೆದು
ಏನೂ ಉಳಿಯದಂತೆ ನಾನೇ ಮಾಡುವ ನೀರು.
ಟರ್ಬೈನಿಗೆ ಅದೇ ಬೇಕು, ಏನೂ ಇಲ್ಲದ್ದು.
ಮೊದಲ ಬಟ್ಟಲು ಅದರಲ್ಲಿ ಇಳಿಸಿದೆ.
ಹುಳಿ. ಚಪ್ಪಟೆ. ಹಳೆ ಕವರಿನ ಅಂಚು ನೆಕ್ಕಿದ ಹಾಗೆ.
ಇಪ್ಪತ್ತು ವರ್ಷ ಇಷ್ಟು ಶ್ರದ್ಧೆಯಿಂದ
ರುಚಿಯನ್ನೇ ಸೋಸಿ ಚೆಲ್ಲುತ್ತಿದ್ದೆನೇ?
ನಾಲ್ಕು ಪಾಲಿಗೆ ಒಂದು ಪಾಲು
ಕೃಷ್ಣೆಯ ನಲ್ಲಿ ನೀರು ಬೆರೆಸಿದೆ,
ಕಳೆದದ್ದರಲ್ಲಿ ಒಂಚೂರು ವಾಪಸು.

ಎರಡನೆಯದು ಕಹಿ. ಮೂರನೆಯದು ಚೆಲ್ಲಿತು.
ನಾಲ್ಕು ದಿನ ಸಿಂಕಿಗೇ ಕಾಫಿ ಕುಡಿಸಿದೆ.
ಐದನೆಯ ನಸುಕು, ಹೊಸೆದ ಬತ್ತಿಯಷ್ಟು ಸಣ್ಣ
ಕಂದು ಎಳೆ ಇಳಿಯತೊಡಗಿದಾಗ
ಸೆಕೆಂಡು ಎಣಿಸುವುದನ್ನು ಮರೆತೆ.

ಆದಿತ್ಯವಾರ ಖಾಸಿಂ ಬಂದ. ಒಂದು ಗುಟುಕು,
ಮುಖ ಹಿಂಡಿದ ನಿಂಬೆಹೋಳು.
"ಯಾರಿಗೆ ಜ್ವರ ಬಂದದರಿ ಮೇಡಂ?"
ಮೂರು ಚಮಚ ಸಕ್ಕರೆ ಹಾಕಿ ಕದಡಿದ.
ಆಮೇಲೆ ಬಟ್ಟಲು ಕೆಳಗಿಟ್ಟು, ಬಗ್ಗಿ,
ಮಷಿನ್ನಿನ ಪಕ್ಕೆಗೆ ಕಿವಿ ಕೊಟ್ಟ,
ಕೂಸಿನ ಎದೆ ಕೇಳುವ ಹಾಗೆ, ಕಣ್ಣು ಮುಚ್ಚಿ.
"ಎಲ್ಲೋ ಸಣ್ಣಗ ಲೀಕ್ ಅದ," ಅಂದ.

ಇರಲಿ ಬಿಡು, ಅಂದೆ.