ಅಂಗುಲದ ಪಾನಾ

ನಜರಬಾದಿನ ಶೆಡ್ಡಿನಲ್ಲಿ ಹನ್ನೊಂದು ವರ್ಷ
ಎಂ.ಜಿ.ಯ ಸೀಟಿನ ಮೇಲೆ ಕೋಳಿಗಳದೇ ಸಂಸಾರ.
ಮಿಲಿಮೀಟರಿನ ಯಾವ ಪಾನಾಕ್ಕೂ ಜಗ್ಗದ ನಟ್ಟು
ಇನಾಯತ್ ಸಾಬರ ಗೋಣಿಚೀಲದಿಂದ
ಅಂಗುಲದ್ದೊಂದು ಹೊರಬಂದಾಗ
ಕಿರ್ ಎಂದಿತು, ಅಷ್ಟೇ.

ಕಾರ್ಬ್ಯುರೇಟರಿನೊಳಗೆ ಹಳೆ ಪೆಟ್ರೋಲು ಜೋನಿಬೆಲ್ಲ.
ಸೀಮೆಎಣ್ಣೆಯಲ್ಲಿ ನೆನೆಹಾಕಿ
ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದ್ದು ನಾನೇ, ಎರಡು ಭಾನುವಾರ.

“ಕೀಲಿ ಅರ್ಧ ತಿರುಗಿಸಿ, ಕಿವಿ ಕೊಡಿ ಮೇಡಂ.”
ಟಿಕ್. ಟಿಕ್.
ಹಿಂದೆಲ್ಲೋ ಪಂಪು ಹಲ್ಲಿಯಂತೆ ಲೊಚಗುಟ್ಟಿತು.
ಅಭ್ಯಾಸಬಲ, ಕೃಷ್ಣ ಕೃಷ್ಣ ಎಂದು ಡ್ಯಾಶ್‌ಬೋರ್ಡು ತಟ್ಟಿದೆ.
ಸಾಬರು ನಗಲಿಲ್ಲ. ತಾವೂ ತಟ್ಟಿದರು.

ಆಮೇಲೆ ಕೆಮ್ಮು, ಕಪ್ಪು ಹೊಗೆ,
ಸೈಲೆನ್ಸರಿನ ಇಲಿಗೂಡು ಚಿಂದಿಯಾಗಿ ಬೇಲಿಯಾಚೆ.
ಬ್ರೇಕು ಇನ್ನೂ ಇಲ್ಲ. ಹೋಗುವುದೆಲ್ಲಿಗೆ?
ನಿಂತಲ್ಲೇ ನಡುಗುತ್ತ ಓಡುತ್ತಿದೆ.
ಬಾಗಿಲಲ್ಲಿ ಕೋಳಿ,
ಮುಂಗಡ ವಾಪಸು ಕೇಳಲು ಬಂದ ಬಾಡಿಗೆದಾರಳ ಹಾಗೆ.