ಚಕ್ಕುಬಂದಿ

ವಿದ್ಯಾನಗರದ ಕೋರ್ಟಿನೆದುರು, ಝೆರಾಕ್ಸ್ ಅಂಗಡಿಯ ಮೇಲೆ
ನನ್ನದೊಂದು ಮೇಜು, ಎರಡು ಕುರ್ಚಿ, ಒಂದು ರಬ್ಬರ್ ಸ್ಟ್ಯಾಂಪು.
ಹಳೆ ಕನ್ನಡ ದಸ್ತಾವೇಜು ಇಂಗ್ಲಿಷಿಗೆ
ಪುಟಕ್ಕೆ ಇನ್ನೂರೈವತ್ತು. ಮಲಯಾಳಕ್ಕಾದರೆ ಇನ್ನೂರು.
ತುಳುವಿನಲ್ಲಿ ಜಗಳಾಡುವುದು ಧರ್ಮಕ್ಕೆ.

ಮಂಗಳವಾರ ಬೆಳಿಗ್ಗೆ ಕೊಚ್ಚಿಯಿಂದ ಫೋನು:
ಲಂಡನ್ನಿನ ವಕೀಲರು, ಸಿಂಗಾಪುರದ ಕಚೇರಿ,
ಇಪ್ಪತ್ತೆಂಟನೇ ಮಾಳಿಗೆ.
ಮುಳ್ಳಡ್ಕದ ಪದವಿನಲ್ಲಿ, ಮುರಕಲ್ಲಿನ ಮೇಲೆ
ಬಿಸಿಲು ಹಿಡಿಯುವ ಗಾಜು ಹಾಸುತ್ತಾರಂತೆ,
ಏಳು ಬ್ಯಾಂಕು ಸೇರಿ ಸಾಲ ಕೊಡುತ್ತವಂತೆ,
ಆ ಏಳಕ್ಕೂ ವಕೀಲರು ಯಾರೆಂದು ಇನ್ನೂ ತೀರ್ಮಾನವಾಗಿಲ್ಲವಂತೆ.
ಆಗುವ ಮೊದಲೇ ನಮ್ಮ ಚುರುಕು ತೋರಿಸಬೇಕು.
ಸಂಜೆಯೊಳಗೆ ಆಗುತ್ತದಾ?

ಸಾವಿರದ ಒಂಬೈನೂರ ಮೂವತ್ತೊಂದರ ಕಾಗದ.
ಐತಪ್ಪ ಆಳ್ವರು ಮಮ್ಮುಂಞಿ ಬ್ಯಾರಿಗೆ
ಬರೆದುಕೊಟ್ಟ ಮೂಲಗೇಣಿ ಚೀಟು.
ಮೂಡಕ್ಕೆ, ಬಿದ್ದ ಗೋಡೆ.
ತೆಂಕಕ್ಕೆ, ಗಡಿಕಲ್ಲು ಮತ್ತು ಕಾಸರಕನ ಮರ.
ಬಡಗಕ್ಕೆ, ಸುರಂಗದ ಬಾಯಿ, ನೀರು ಇಬ್ಬರಿಗೂ.
ಪಡುವಕ್ಕೆ, ಕಡಲು ಕಾಣುವಷ್ಟು ದೂರ.
ಇವಿಷ್ಟರ ಹೊರಗೆ, ಕುಮ್ಕಿ.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಇನ್ನೊಂದು ಫೋನು.
ಇದೂ ಕೊಚ್ಚಿ. ಇದೂ ಸಿಂಗಾಪುರ.
ಅದೇ ಕಟ್ಟಡ, ಮೂವತ್ತೊಂದನೇ ಮಾಳಿಗೆ, ನ್ಯೂಯಾರ್ಕಿನವರು.
ಅದೇ ಪದವು, ಅದೇ ಕಾಗದ. ನಾಳೆ ಬೇಡ, ಇವತ್ತೇ.

ಇಬ್ಬರೂ ಗುಟ್ಟಿನ ಕರಾರು ಕಳಿಸಿದರು, ಹದಿನಾಲ್ಕು ಪುಟ:
ಇಲ್ಲಿ ತಿಳಿದದ್ದು ಅಲ್ಲಿ ತಿಳಿಯಕೂಡದು,
ನಿಮ್ಮ ಕಚೇರಿಯೊಳಗೆ ನಡುವೊಂದು ಗೋಡೆ ಇರಲಿ.
ಕಚೇರಿ ಎಂದರೆ ನಾನೊಬ್ಬಳೇ, ವಾರಿಜ;
ಅವರ ಪತ್ರದಲ್ಲಿ ಮಿಸ್ಟರ್ ವಾರಿಜ.
ಗೋಡೆ ಎಲ್ಲಿ ಕಟ್ಟಲಿ ಮಾರಾಯ್ರೆ,
ಬೊಟ್ಟಿನಿಂದ ಕೆಳಗೆ, ಮೂಗಿನ ಗುಂಟ?
ಬೆಳಗಿನವರಿಗೆ ನೀಲಿ ಪೆನ್ನು, ಮಧ್ಯಾಹ್ನದವರಿಗೆ ಕಪ್ಪು.
ನೀಲಿಯವಳು ಕಂಡದ್ದನ್ನು ಕಪ್ಪಿನವಳು ಕಾಣದ ಹಾಗೆ
ಕಾಗದವನ್ನು ಮೊದಲಿಂದ ಓದಿದೆ.
ಆಳ್ವರು ಮತ್ತೊಮ್ಮೆ ಬರೆದುಕೊಟ್ಟರು.
ಬ್ಯಾರಿ ಮತ್ತೊಮ್ಮೆ ಹೆಬ್ಬೆಟ್ಟು ಒತ್ತಿದ.

ಎಲ್ಲ ಇಳಿಯಿತು ಇಂಗ್ಲಿಷಿಗೆ. ಕುಮ್ಕಿ ಇಳಿಯಲಿಲ್ಲ.
ಸರಕಾರದ್ದು, ಆದರೂ ನಮ್ಮದರ ಹಾಗೆ;
ಸೊಪ್ಪು ತರಬಹುದು, ದನ ಬಿಡಬಹುದು, ಮಾರುವ ಹಾಗಿಲ್ಲ,
ಬೇರೆಯವನು ಬಂದರೆ ಅಡ್ಡ ನಿಲ್ಲಬಹುದು.
ಐದು ಗಂಟೆಗೆ ಇಪ್ಪತ್ತೆಂಟರ ಹುಡುಗ ಕೇಳಿದ:
ಒಡೆತನವೋ ಅಲ್ಲವೋ? ಅಡಮಾನಕ್ಕೆ ಬರುತ್ತದೋ ಇಲ್ಲವೋ?
ಐದೂಕಾಲಿಗೆ ಮೂವತ್ತೊಂದರ ಹುಡುಗಿ, ಅದೇ ಪ್ರಶ್ನೆ,
ದನಿಯಲ್ಲಿ ಮೂರು ರಾತ್ರಿಯ ನಿದ್ದೆ ಬಾಕಿ.
ಕಡೆಗೆ ಅಕ್ಕಾ ಎಂದಳು; ತಿರುಚ್ಚಿಯವಳಂತೆ.
ಒಂದೇ ಲಿಫ್ಟಿನಲ್ಲಿ ಏರುತ್ತಿರಬಹುದು ಇಬ್ಬರೂ
ಬೇರೆ ಬೇರೆ ಗುಂಡಿ ಒತ್ತಿ, ಸೆಕೆಯ ಬಗ್ಗೆ ಮಾತಾಡುತ್ತ.
ಇಬ್ಬರಿಗೂ ಒಂದೇ ಬರೆದೆ: ಕುಮ್ಕಿ ಎಂದರೆ ಕುಮ್ಕಿ.
ಕೆಳಗೆ ಅರ್ಧ ಪುಟ ಟಿಪ್ಪಣಿ.

ಭಾನುವಾರ ಬಸ್ಸು ಹತ್ತಿ ಮುಳ್ಳಡ್ಕಕ್ಕೆ ಹೋದೆ,
ಯಾವ ಪುಟದ ಲೆಕ್ಕಕ್ಕೂ ಸಿಗದ ಕೆಲಸ.
ಬಿದ್ದ ಗೋಡೆ ಪೂರ್ತಿ ಬಿದ್ದಿದೆ. ಕಾಸರಕನ ಮರ ಇದೆ.
ಪಡುವಕ್ಕೆ ತಿರುಗಿದರೆ ನಡುವೆ ಒಂಬತ್ತು ಮಾಳಿಗೆಯ ಫ್ಲಾಟು.
ಕಡಲು ಕಾಣಲಿಲ್ಲ.
ಹಾಗಾದರೆ ಆಸ್ತಿ ಮುಗಿದದ್ದು ಎಲ್ಲಿಗೆ?
ಸುರಂಗದೊಳಗೆ ತಲೆ ಬಗ್ಗಿಸಿ ಎಂಟು ಹೆಜ್ಜೆ.
ಕತ್ತಲಲ್ಲಿ ಕಲ್ಲು ಬೆವರುವ ಸದ್ದು.
ಅಂಗೈ ಒಡ್ಡಿದೆ. ತಣ್ಣಗೆ ಒಂದು ಹನಿ, ಬಹಳ ಹೊತ್ತಿನ ಮೇಲೆ
ಇನ್ನೊಂದು.

ಕೆಲಸ ಸಿಕ್ಕಿದ್ದು ಮೂರನೆಯವರಿಗೆ,
ಹಾಂಕಾಂಗಿನವರು, ಎಲ್ಲರಿಗಿಂತ ಅಗ್ಗ.
ಅವರು ನನಗೆ ಫೋನೇ ಮಾಡಿರಲಿಲ್ಲ.
ಅವರ ಅಭಿಪ್ರಾಯಪತ್ರದಲ್ಲೊಂದು ಸಾಲಿದೆಯಂತೆ:
ಅನುವಾದಗಳು ಸರಿಯಾಗಿವೆ ಎಂದು ಭಾವಿಸಿಕೊಂಡಿದ್ದೇವೆ.
ಹೇಳಿದವಳು ತಿರುಚ್ಚಿಯ ಹುಡುಗಿ.
ಅವಳೀಗ ಅಲ್ಲೇ ಸೇರಿದ್ದಾಳೆ.

ಬಿಲ್ಲು ಎರಡು ಕಳಿಸಿದ್ದೆ, ಮೂರು ಮೂರು ಪುಟಕ್ಕೆ.
ಒಂದು ಬಂತು, ತೆರಿಗೆ ಹಿಡಿದು ಆರುನೂರ ಎಪ್ಪತ್ತೈದು.
ಇನ್ನೊಂದಕ್ಕೆ ಬಂದದ್ದು ಪತ್ರ:
ಮಿಸ್ಟರ್ ವಾರಿಜ, ಮೂಲದಲ್ಲಿರುವುದು ಎರಡೇ ಪುಟ.
ಈ ಟಿಪ್ಪಣಿ ಯಾವುದರೊಳಗೆ ಬರುತ್ತದೆ?