ಒಂದ ಬೆಲ್ಲು

ಎಡಗೈ ರಟ್ಟಿ ಹಿಂದ, ಖಾಕಿ ತೋಳಿನ ಒಳಗ
ಹತ್ತು ರೂಪಾಯಿ ಬಿಲ್ಲಿಯಂಥಾದ್ದು, ಬಿಳೇದು.
ಡಾಕ್ಟರ್ ಸುರವಸೆ ಹಚ್ಚೂವಾಗ ಅಂದಿದ್ರು,
"ಹದಿನಾಲ್ಕು ದಿನ, ಗುರುಬಾಯಿ. ಉಜ್ಜಬ್ಯಾಡ, ಕೀಳಬ್ಯಾಡ."
ಉಜ್ಜಬ್ಯಾಡ ಅಂದ್ರ ಹ್ಯಾಂಗ್ರಿ?
ಅಕ್ಕಲಕೋಟ–ದುಧನಿ ಗಾಡಿ, ಸಂತಿ ದಿನ,
ನಲವತ್ತು ಸೀಟಿಗೆ ತೊಂಬತ್ತು ಮಂದಿ,
ಮೆಣಸಿನಕಾಯಿ ಚೀಲ, ಕೋಳಿಬುಟ್ಟಿ, ಹಸಿಬಾಣಂತಿ,
ನಡುವ ನಾನು ನುಸುಳಬೇಕು.

ಮೊದಲನೇದ್ದು ಮೂರ ದಿನಕ್ಕ ಹೋತು.
ಎಡಹೆಗಲ ಮ್ಯಾಲಿನ ಚೀಲದ ಪಟ್ಟಿ
ಜಾರಿ ಬಂದು, ಕೊಕ್ಕಿ ಹಾಕಿ ಕಿತ್ತಿತು.
ಒಂದು ಹನಿ ರಕ್ತ. ಅರ್ಧ ಪಗಾರದ ಚೂರು ಸೀಟಿನ ಬುಡಕ್ಕ.
ಈಗ ಚೀಲ ಬಲಕ್ಕ. ಇಪ್ಪತ್ತೊಂದು ವರ್ಷದ ಹೆಗಲು
ಒಂದು ವಾರ ನನ್ನ ಜೋಡಿ ಮಾತಾಡಲಿಲ್ಲ.

"ಏನವ್ವ ಅದು, ತಾಯತ?" ಅಂತಾಳ ಮೈಂದರಗಿ ಮುದುಕಿ.
"ಕಾಯ್ ಲಾವ್ಲಂಯ್ ತಾಯಿ?" ಅಂತಾನ ಒಬ್ಬ ಮಾಸ್ತರ.
ಒಂದು ಕೂಸು ಗಾಡಿ ಬೆಲ್ಲಂತ ತಿಳಕೊಂಡು
ಬೆಟ್ಟು ಚಾಚಿ ಒತ್ತೇ ಬಿಡ್ತಿತ್ತು, ತಡದೆ.
ಖರೆ, ಅದು ಬೆಲ್ಲೇ ಅದ.
ಹೊಡೆಯಾವರು ಮಾತ್ರ ನಾವಲ್ಲ.

ಮಧ್ಯಾನ ಡೇಪೊದಾಗ, ಹೆಣ್ಣಮಕ್ಕಳ ಕೋಣ್ಯಾಗ
ಎಡಮಗ್ಗಲಾಗಿ ಜರಾ ಕಣ್ಣು ಮುಚ್ಚಿದ್ದೆ.
ಫೋನು ಚೀರಿತು: ಐವತ್ತೆಂಟು.
ಶಕುಬಾಯಿ ಸಕ್ಕರಿ ಡಬ್ಬಿ ಹಿಡಕೊಂಡು ಓಡಿ ಬಂದಳು.
"ತಡಿ." ಕೈ ನಡುಗವಲ್ದು, ಬೆವರಿಲ್ಲ.
ಬೆಟ್ಟು ಚುಚ್ಚಿ ನೋಡಿದರ ನೂರಾ ನಾಕು.
ಮೈಭಾರ ಬಿದ್ದು ಬಿಲ್ಲಿ ಸುಳ್ಳು ನುಡಿದಿತ್ತು.
ಸಕ್ಕರಿ ಅಕಿ ಚಾಕ್ಕ ಹೋತು.

ಮಂಗಳವಾರ ಸೊಲ್ಲಾಪುರ ಗಾಡಿ, ವಳಸಂಗ ದಾಟಿ
ಎರಡು ಬಾಣ, ಎರಡೂ ಕೆಳಗ.
ಈ ಸಲ ಮೈಯೂ ಸಾಕ್ಷಿ ಹೇಳಿತು:
ಕೊರಳಾಗ ತಣ್ಣನ ಬೆವರು, ಸುಟ್ಟೆ ಎಣಸೂವಾಗ
ಐದೂ ಹತ್ತೂ ಒಂದ ಆಗಿ ಕಂಡವು.
ಇಷ್ಟು ವರ್ಷ ನನ್ನ ಸಲುವಾಗಿ ಒಮ್ಮಿನೂ ಜಗ್ಗದ ಹಗ್ಗ
ಜಗ್ಗಿದೆ. ಒಂದ ಸಲ.
ದಸ್ತಗೀರ ಗಾಡಿ ನಿಲ್ಲಿಸಿ ಹೊರಳಿ ನೋಡಿದ,
"ಯಾರು ಇಳಿಯಾವರು?"
"ಯಾರೂ ಇಲ್ಲ. ನಾ ಬೆಲ್ಲ ತಿನ್ನತೀನಿ."

ಬೇವಿನಗಿಡದ ನೆರಳಾಗ ಹದಿನೈದು ನಿಮಿಷ.
ಒಬ್ಬಾವ ಗಡಿಯಾರ ನೋಡಿದ, ಒಬ್ಬಾಕಿ ನೀರು ಕೊಟ್ಟಳು,
ಕೋಳಿ ಒಂದು ಸುಮ್ಮ ಸುಮ್ಮನ ಕೂಗಿತು.
ಬಾಣ ಅಡ್ಡ ಆತು.

ವಹಿಯಾಗ ತಡ ಆದ ಕಾರಣ ಬರಿಯಾಕ ಒಂದು ಮನಿ ಅದ.
"ಟಾಯರ್ ಅಂತ ಬರೀ" ಅಂದ ದಸ್ತಗೀರ.
ನಾ ಮರಾಠಿಯಾಗ ಬರದೆ: ಗೂಳ.
ಸಾಹೇಬರು ಇನ್ನಾ ಕೇಳಾಕ ಹತ್ಯಾರ,
ಎಷ್ಟು ಪೆಂಟಿ, ಯಾರ ಲಗೇಜು, ಚೀಟಿ ಯಾಕ ಹರದಿಲ್ಲ ಅಂತ.